ಸುರಂಗದ ಎರಡು ತುದಿ, ಎರಡು ಹೆಸರು

ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಪೂರ್ವ ದಿಕ್ಕಿನಿಂದ ಬರುವ ರೈಲು ಮಹಾತ್ಮ ಗಾಂಧಿ ರಸ್ತೆಯ ಎತ್ತರದ ನಿಲ್ದಾಣವನ್ನು ಬಿಟ್ಟ ಕೂಡಲೇ ಇಳಿಜಾರು ಹಿಡಿದು ನೆಲದೊಳಗೆ ಇಳಿಯುತ್ತದೆ. ಹೊರಗಿನ ಬೆಳಕು ಮರೆಯಾಗಿ ಕಿಟಕಿಯ ಗಾಜಿನಲ್ಲಿ ಪ್ರಯಾಣಿಕರಿಗೆ ತಮ್ಮ ಮುಖವೇ ಕಾಣಿಸುವಷ್ಟರಲ್ಲಿ ನೆಲದಡಿಯ ಮೊದಲ ನಿಲ್ದಾಣ ಬಂದಿರುತ್ತದೆ. ಅದೇ ಕಬ್ಬನ್ ಪಾರ್ಕ್. 2016ರ ಏಪ್ರಿಲ್ ಕೊನೆಯಲ್ಲಿ ತೆರೆದ ಈ ಸುರಂಗ ಮಾರ್ಗ ದಕ್ಷಿಣ ಭಾರತದ ಮೊದಲ ನೆಲದಡಿಯ ಮೆಟ್ರೊ. ಉದ್ದ 4.8 ಕಿಲೋಮೀಟರ್, ನಿಲ್ದಾಣಗಳು ಐದು. ಕಬ್ಬನ್ ಪಾರ್ಕ್ ದಾಟಿದರೆ ಅಂಬೇಡ್ಕರ್ ಹೆಸರಿನ ವಿಧಾನಸೌಧ ನಿಲ್ದಾಣ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರಿನ ಸೆಂಟ್ರಲ್ ಕಾಲೇಜು ನಿಲ್ದಾಣ, ನಾಡಪ್ರಭು ಕೆಂಪೇಗೌಡರ ಹೆಸರಿನ ಮೆಜೆಸ್ಟಿಕ್, ಕೊನೆಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ರೈಲು ನಿಲ್ದಾಣ.

ಈ ಐದು ಹೆಸರುಗಳಲ್ಲಿ ನಾಲ್ವರ ಬಗ್ಗೆ ಶಾಲೆಯ ಮಕ್ಕಳೂ ನಾಲ್ಕು ಮಾತು ಹೇಳಬಲ್ಲರು. ಮೊದಲನೆಯವನು ಯಾರೆಂದು ಕೇಳಿದರೆ, ಉದ್ಯಾನವನ್ನು ಮಾಡಿಸಿದ ದೊರೆ ಎಂಬ ಉತ್ತರ ಬರುವುದೇ ಹೆಚ್ಚು. ಆ ಉತ್ತರ ಸರಿಯಲ್ಲ. ಉದ್ಯಾನ ರೂಪುಗೊಂಡದ್ದು 1870ರಲ್ಲಿ. ಮಾರ್ಕ್ ಕಬ್ಬನ್ ತೀರಿಕೊಂಡದ್ದು 1861ರಲ್ಲಿ. ತನ್ನ ಹೆಸರಿನ ಉದ್ಯಾನದ ಒಂದು ಮರದ ನೆರಳಿನಲ್ಲೂ ಆತ ನಿಂತವನಲ್ಲ. ಹಾಗಾದರೆ ದಿನವೂ ಸಾವಿರಾರು ಮಂದಿ ಕೇಳುವ ಈ ಹೆಸರು ಇಲ್ಲಿಗೆ ಹೇಗೆ ಬಂತು, ಈ ನೆಲಕ್ಕೂ ಆತನಿಗೂ ಇರುವ ಋಣ ಎಂಥದು, ಆ ಋಣದಲ್ಲಿ ನಮ್ಮ ಪಾಲೆಷ್ಟು, ಆತನ ಪಾಲೆಷ್ಟು ಎಂಬುದನ್ನು ವಿಚಾರಿಸುವುದು ಅಗತ್ಯ.

ಮೊದಲು ನಿಲ್ದಾಣದಿಂದ ಮೇಲೆ ಬರೋಣ. ಒಂದು ಕಡೆ ಚಿನ್ನಸ್ವಾಮಿ ಕ್ರೀಡಾಂಗಣ, ಇನ್ನೊಂದು ಕಡೆ ಮಿನ್ಸ್ಕ್ ವೃತ್ತ, ಎದುರಿಗೆ ಕಬ್ಬನ್ ರಸ್ತೆ. ಆ ರಸ್ತೆಯಲ್ಲಿ ತುಸು ಮುಂದೆ ನಡೆದರೆ ಗಣರಾಜ್ಯೋತ್ಸವದ ಪಥಸಂಚಲನ ನಡೆಯುವ ಮಾಣೆಕ್ ಷಾ ಮೈದಾನ. ಪಶ್ಚಿಮಕ್ಕೆ ಹೋದರೆ ಪ್ರಧಾನ ಅಂಚೆ ಕಚೇರಿ, ರಾಜಭವನ, ವಿಧಾನಸೌಧ; ಅದಕ್ಕೆ ಎದುರಾಗಿ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟು. ಅದರ ಬೆನ್ನಿಗೆ ಹಸಿರು. ವಕೀಲರು, ಕಕ್ಷಿದಾರರು, ಪೊಲೀಸರು, ಗುಮಾಸ್ತರು, ಕ್ರಿಕೆಟ್ ನೋಡಲು ಬಂದ ಹುಡುಗರು, ಬೆಳಗಿನ ವಾಯುವಿಹಾರದ ಹಿರಿಯರು ಎಲ್ಲರೂ ಇಲ್ಲಿ ಇಳಿಯುತ್ತಾರೆ. ಬೇರೆ ಬಡಾವಣೆಗಳಂತೆ ಇಲ್ಲಿ ಮನೆಗಳ ಸಾಲುಗಳಿಲ್ಲ, ಸಂತೆಯ ಗದ್ದಲವೂ ಇಲ್ಲ. ಇದಕ್ಕೆ ಚರಿತ್ರೆಯ ಕಾರಣವಿದೆ. ಇದು ಎರಡು ಊರುಗಳ ನಡುವೆ ಉಳಿದಿದ್ದ ಬಯಲು.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಪಶ್ಚಿಮದಲ್ಲಿತ್ತು. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ್ದ ಬ್ರಿಟಿಷ್ ಪಡೆಗೆ ಅಲ್ಲಿನ ಹವೆ ಒಗ್ಗಲಿಲ್ಲ. 1809ರಲ್ಲಿ ಆ ಪಡೆ ಬೆಂಗಳೂರಿನ ಪೂರ್ವಕ್ಕೆ ಬಂದು ದಂಡು ಪ್ರದೇಶ ಹುಟ್ಟಿತು. ಪೇಟೆಯ ಭಾಷೆ, ದೇವರು, ವ್ಯಾಪಾರ ಒಂದು ಬಗೆ. ದಂಡಿನದು ಇನ್ನೊಂದು ಬಗೆ. 1862ರಲ್ಲಿ ಈ ಎರಡೂ ಊರುಗಳಿಗೆ ಬೇರೆ ಬೇರೆ ಪುರಸಭೆಗಳಾದವು. ಅವು ಒಂದಾಗಿ ನಗರಪಾಲಿಕೆಯಾಗಲು 1949ರವರೆಗೆ ಕಾಯಬೇಕಾಯಿತು. ಇಂದಿನ ರೈಲು ಮೆಜೆಸ್ಟಿಕ್‌ನಿಂದ ಮಹಾತ್ಮ ಗಾಂಧಿ ರಸ್ತೆಗೆ ಕೆಲವೇ ನಿಮಿಷಗಳಲ್ಲಿ ದಾಟುವ ಈ ಅಂತರ ಒಂದು ಕಾಲಕ್ಕೆ ಎರಡು ಸರ್ಕಾರಗಳ ನಡುವಣ ಅಂತರವಾಗಿತ್ತು. ಕಬ್ಬನ್ ಬದುಕಿದ್ದು ಈ ಅಂತರದ ಮೇಲೆಯೇ.

ಮಾರ್ಕ್ ಕಬ್ಬನ್ ಇಂಗ್ಲೆಂಡಿನವನಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವನು. ತಂದೆ ಅಲ್ಲಿನ ಮಾಗೋಲ್ಡ್ ಎಂಬ ಹಳ್ಳಿಯ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್, ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು, ದಕ್ಷಿಣ ಭಾರತದ ಇತಿಹಾಸವನ್ನು ಬರೆದು ಹೆಸರಾದವನು. ಹೀಗೆ ಮೈಸೂರು ಎಂಬುದು ಕಬ್ಬನ್ನನ ಕುಟುಂಬಕ್ಕೆ ದೂರದ ಹೆಸರೇನಲ್ಲ. 1800ರಲ್ಲಿ ಆತ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಪದಾತಿ ದಳಕ್ಕೆ ಕೆಡೆಟ್ ಆಗಿ ಸೇರಿದ. ಅಲ್ಲಿಂದ ಮುಂದಿನ ಅರವತ್ತು ವರ್ಷ ಈ ದೇಶದಲ್ಲೇ ಕಳೆಯಿತು.

ಸೈನಿಕನಾಗಿ ಬಂದರೂ ಆತ ಹೆಸರು ಮಾಡಿದ್ದು ಕತ್ತಿಯಿಂದಲ್ಲ, ಲೆಕ್ಕದ ಪುಸ್ತಕದಿಂದ. ಸೇನೆಗೆ ಧಾನ್ಯ, ಮೇವು, ಎತ್ತು, ಗಾಡಿ ಒದಗಿಸುವ ಕಮಿಸರಿಯಟ್ ಇಲಾಖೆಯಲ್ಲಿ ಆತನಿಗೆ ಕೆಲಸ. ಎಷ್ಟು ಮೂಟೆ ಬಂತು, ಎಷ್ಟು ಖರ್ಚಾಯಿತು, ಯಾವ ದಾರಿಯಲ್ಲಿ ಗಾಡಿ ಹೂತುಹೋಯಿತು, ಯಾವ ಗುತ್ತಿಗೆದಾರ ಮೋಸ ಮಾಡಿದ ಎಂಬುದನ್ನು ತಿಳಿದುಕೊಳ್ಳುವುದೇ ಆ ಇಲಾಖೆಯ ವಿದ್ಯೆ. ಕಬ್ಬನ್ ಅದರಲ್ಲಿ ನುರಿತು ಮೇಲೇರಿ, 1820ರ ದಶಕದಲ್ಲಿ ಮದರಾಸು ಸೇನೆಯ ಆ ಇಲಾಖೆಗೆ ಮುಖ್ಯಸ್ಥನಾದ. ಮುಂದೆ ಒಂದು ರಾಜ್ಯವನ್ನೇ ನಡೆಸಬೇಕಾಗಿ ಬಂದಾಗ ಆತ ನಡೆಸಿದ್ದೂ ಹೀಗೆಯೇ: ಲೆಕ್ಕ ನೋಡಿ, ದಾರಿ ಮಾಡಿ, ಮೋಸ ಹಿಡಿದು.

ಆ ರಾಜ್ಯ ಆತನ ಕೈಗೆ ಬಂದದ್ದು ಒಂದು ದಂಗೆಯ ಫಲವಾಗಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ಕಟ್ಟಿಯೇ ತೀರುವುದಾಗಿ ಶರತ್ತು ಬರೆದುಕೊಡುತ್ತಿದ್ದರು. ಆ ಶರತ್ತಿನ ಭಾರ ಬಿದ್ದದ್ದು ರೈತನ ಬೆನ್ನಿನ ಮೇಲೆ. 1830ರಲ್ಲಿ ನಗರ ಸೀಮೆಯ ರೈತರು ಎದ್ದರು. ಬೂದಿ ಬಸವಪ್ಪ ಎಂಬಾತ ಅವರಿಗೆ ನಾಯಕನಾದ. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು. ಇದನ್ನೇ ಕಾರಣ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ರಾಜರ ಆಡಳಿತಾಧಿಕಾರವನ್ನು ಕಸಿದುಕೊಂಡ. ರಾಜರಿಗೆ ಉಳಿದದ್ದು ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಪಾಲು.

ಇಲ್ಲಿ ಒಂದು ಕ್ಷಣ ಸುರಂಗದ ಇನ್ನೊಂದು ತುದಿಯನ್ನು ನೆನೆಯಬೇಕು. ಅದೇ 1831ರ ಜನವರಿಯಲ್ಲಿ, ಕಿತ್ತೂರಿನ ಪರವಾಗಿ ಕಂಪನಿಯ ವಿರುದ್ಧ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಗಿತ್ತು. ಉತ್ತರದಲ್ಲಿ ಒಂದು ಕನ್ನಡ ಸಂಸ್ಥಾನಕ್ಕಾಗಿ ಕಾದಾಡಿದ ಕೊನೆಯ ವೀರ ಅಳಿದ ವರ್ಷವೇ ದಕ್ಷಿಣದಲ್ಲಿ ಇನ್ನೊಂದು ಕನ್ನಡ ಸಂಸ್ಥಾನ ಕಾಗದದ ಒಂದು ಆಜ್ಞೆಯಿಂದ ಕಂಪನಿಯ ಕೈ ಸೇರಿತು. ಒಂದೇ ವರ್ಷದ ಈ ಎರಡು ಘಟನೆಗಳಿಗೆ ಸೇರಿದ ಇಬ್ಬರ ಹೆಸರು ಇಂದು ಒಂದೇ ಸುರಂಗದ ಎರಡು ತುದಿಗಳಲ್ಲಿವೆ. ಹೆಸರಿಟ್ಟವರು ಇದನ್ನು ಎಣಿಸಿ ಇಟ್ಟಿರಲಾರರು. ಆದರೆ ಚರಿತ್ರೆ ಒಮ್ಮೊಮ್ಮೆ ತಾನಾಗಿಯೇ ಸಾಲು ಜೋಡಿಸುತ್ತದೆ.

ನಗರದ ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿಯಲ್ಲಿ ಕಬ್ಬನ್ ಒಬ್ಬ ಸದಸ್ಯ. ರಾಜ್ಯದ ಒಳಗುಟ್ಟುಗಳೆಲ್ಲ ಆತನಿಗೆ ತಿಳಿದದ್ದು ಆ ವಿಚಾರಣೆಯಲ್ಲಿ. ಮೂರು ವರ್ಷಗಳಲ್ಲಿ ಆಡಳಿತ ಕೆಲವರ ಕೈ ದಾಟಿ, 1834ರ ಜೂನ್‌ನಲ್ಲಿ ಆತ ಮೈಸೂರಿನ ಏಕಮಾತ್ರ ಕಮಿಷನರ್ ಆದ. ಅಲ್ಲಿಂದ 1861ರ ಫೆಬ್ರುವರಿಯವರೆಗೆ, ಹೆಚ್ಚುಕಡಿಮೆ ಇಪ್ಪತ್ತೇಳು ವರ್ಷ, ಆ ಕುರ್ಚಿ ಆತನದೇ. ರಾಜಕಿರೀಟವಿಲ್ಲದೆ ಇಷ್ಟು ದೀರ್ಘಕಾಲ ಒಂದು ರಾಜ್ಯವನ್ನು ಆಳಿದವರು ವಿರಳ.

ಆಡಳಿತದ ಕೇಂದ್ರವನ್ನು ಅದಾಗಲೇ ಮೈಸೂರಿನಿಂದ ಬೆಂಗಳೂರಿಗೆ ತರಲಾಗಿತ್ತು. ಇದು ಚಿಕ್ಕ ಸಂಗತಿಯಲ್ಲ. ರಾಜರ ಅರಮನೆಯಿಂದ ದೂರ, ದಂಡಿನ ಬಂದೂಕುಗಳಿಗೆ ಹತ್ತಿರ ಇರಬೇಕೆಂಬ ಲೆಕ್ಕಾಚಾರ ಅದರಲ್ಲಿ ಇದ್ದೇ ಇತ್ತು. ಬೆಂಗಳೂರು ರಾಜಧಾನಿಯಾದ ಕಥೆ ಆರಂಭವಾಗುವುದು ಹೀಗೆ, ಒಂದು ಅಪನಂಬಿಕೆಯಿಂದ. ಕಚೇರಿಗಳಿಗೆ ಹೊಸ ಕಟ್ಟಡವಿರಲಿಲ್ಲ. ಕೋಟೆಯೊಳಗಿನ ಟಿಪ್ಪುವಿನ ಬೇಸಿಗೆ ಅರಮನೆಯ ಮರದ ಕಂಬಗಳ ನಡುವೆ ಗುಮಾಸ್ತರು ಕಡತ ಹರಡಿಕೊಂಡು ಕುಳಿತರು. 1868ರವರೆಗೂ ಸರ್ಕಾರ ನಡೆದದ್ದು ಅಲ್ಲಿಂದಲೇ. ಇಂದು ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದವರು ಆ ಅರಮನೆಗೆ ನಡೆದೇ ಹೋಗಬಹುದು.

ಕಚೇರಿ ಕೋಟೆಯಲ್ಲಿದ್ದರೆ ಮನೆ ಈ ಕಡೆ. ದಂಡಿಗೂ ಪೇಟೆಗೂ ನಡುವಿನ ಎತ್ತರದ ನೆಲದಲ್ಲಿ 1840ರ ಸುಮಾರಿಗೆ ಕಬ್ಬನ್ ತನಗಾಗಿ ಒಂದು ಬಂಗಲೆ ಕಟ್ಟಿಸಿಕೊಂಡ. ಆತನ ಕಾಲಾನಂತರ ಅದನ್ನು ಸರ್ಕಾರ ಕೊಂಡಿತು. ಮುಂದೆ ಅದು ರೆಸಿಡೆನ್ಸಿಯಾಗಿ, ಸ್ವಾತಂತ್ರ್ಯಾನಂತರ ರಾಜಭವನವಾಯಿತು. ರಾಜ್ಯಪಾಲರ ಮುಂದೆ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುವ ಸುದ್ದಿ ಬಂದಾಗಲೆಲ್ಲ ನಾವು ಕಾಣುವ ಆ ಆವರಣ ಒಬ್ಬ ಅವಿವಾಹಿತ ಸೇನಾಧಿಕಾರಿಯ ಮನೆಯಾಗಿತ್ತು. ಕುದುರೆಗಳೆಂದರೆ ಆತನಿಗೆ ಪ್ರಾಣ. ಬೇಸಿಗೆ ಏರಿದಾಗ ನಂದಿಬೆಟ್ಟಕ್ಕೆ ಹೋಗುತ್ತಿದ್ದ. ಅಲ್ಲಿಯೂ ಆತನದೊಂದು ಬಂಗಲೆ ಇತ್ತು. ಸಂಸಾರವಿಲ್ಲ, ಊರಿನ ನಂಟು ಕಾಗದದ ಮೇಲೆ ಮಾತ್ರ. ಉಳಿದ ಹೊತ್ತೆಲ್ಲ ಕಡತ.

ಆ ಕಡತಗಳಿಂದ ಹೊರಬಂದದ್ದೇನು? ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ ಮಾಡಿ ಪ್ರತಿಯೊಂದಕ್ಕೂ ಒಬ್ಬ ಯುರೋಪಿಯನ್ ಸೂಪರಿಂಟೆಂಡೆಂಟನನ್ನು ನೇಮಿಸಲಾಯಿತು. ಅವರ ಕೆಳಗೆ ಅಮಲ್ದಾರರು, ಶೇಕ್‌ದಾರರು ಎಲ್ಲ ಈ ನಾಡಿನವರೇ. ಕಚೇರಿಯ ವ್ಯವಹಾರ ಕನ್ನಡ ಮತ್ತು ಮರಾಠಿಗಳಲ್ಲಿ ಸಾಗಿತು. ಹಳೆಯ ವ್ಯವಸ್ಥೆಯನ್ನು ಬೇರುಸಹಿತ ಕೀಳದೆ, ಅದರ ಮೇಲೆ ಕಾವಲು ಇಡುವುದು ಆತನ ನೀತಿ. ಕಂಪನಿಯ ಆಡಳಿತದಲ್ಲಿದ್ದ ಪಕ್ಕದ ಜಿಲ್ಲೆಗಳ ಕಾನೂನು ಕಟ್ಟಲೆಗಳನ್ನು ಹಾಗೆಯೇ ತಂದು ಹೇರುವುದಕ್ಕೆ ಆತ ಒಲವು ತೋರಲಿಲ್ಲ.

ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ತೆರಿಗೆ ಇಲ್ಲದ ಸಂಗತಿ ಯಾವುದು ಎಂದು ಹುಡುಕಬೇಕಾಗಿತ್ತು. ಮದುವೆಗೆ ತೆರಿಗೆ, ಮನೆಗೆ ತೆರಿಗೆ, ಸರಕು ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಕಟ್ಟೆ ಕಟ್ಟೆಯಲ್ಲಿ ಸುಂಕ. ಸುಂಕವನ್ನು ಗುತ್ತಿಗೆ ಹಿಡಿದವನು ಹೇಳಿದ್ದೇ ದರ. ಕಬ್ಬನ್ನನ ಕಾಲದಲ್ಲಿ ಇಂಥ ಚಿಲ್ಲರೆ ತೆರಿಗೆಗಳು ಒಂದೊಂದಾಗಿ ರದ್ದಾದವು. ಅವುಗಳ ಸಂಖ್ಯೆ ಏಳುನೂರನ್ನು ಮೀರಿತ್ತು. ಕಾಫಿಯ ಮೇಲಿನ ಸುಂಕವನ್ನೂ ಇಳಿಸಲಾಯಿತು; ಬಾಬಾಬುಡನ್‌ಗಿರಿಯ ಸುತ್ತಲಿನ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬಿದ್ದು ಈ ಕಾಲದಲ್ಲಿ. ವಿಚಿತ್ರವೆಂದರೆ ಇಷ್ಟು ತೆರಿಗೆಗಳನ್ನು ಬಿಟ್ಟರೂ ಆತನ ಆಡಳಿತದ ಅವಧಿಯಲ್ಲಿ ರಾಜ್ಯದ ಒಟ್ಟು ಆದಾಯ ಇಮ್ಮಡಿಯ ಸಮೀಪಕ್ಕೆ ಬಂತು. ಸೋರಿಹೋಗುತ್ತಿದ್ದುದು ನಿಂತದ್ದು ಇದಕ್ಕೆ ಒಂದು ಕಾರಣ, ವ್ಯಾಪಾರ ಹೆಚ್ಚಿದ್ದು ಇನ್ನೊಂದು.

ವ್ಯಾಪಾರ ಹೆಚ್ಚಲು ದಾರಿ ಬೇಕು. ಸೈನ್ಯದ ಗಾಡಿಗಳು ಕೆಸರಿನಲ್ಲಿ ಹೂಳುವುದನ್ನು ಕಂಡಿದ್ದವನಿಗೆ ದಾರಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆತನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಯಿತು. ಮುನ್ನೂರಕ್ಕೂ ಮಿಕ್ಕಿದ ಸೇತುವೆಗಳಾದವು. ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಎತ್ತಿನ ಬೆನ್ನಿನ ಮೇಲೆ ಹೇರು ಸಾಗಿಸುತ್ತಿದ್ದ ಕಡೆ ಗಾಡಿ ಇಳಿಯುವಂತಾಯಿತು. ಬಯಲುಸೀಮೆಯ ಬೆಳೆ ಕರಾವಳಿಯ ಬಂದರುಗಳನ್ನು ತಲುಪಿತು. ಇಂದು ನಾವು ಕಾರಿನಲ್ಲಿ ಕುಳಿತು ಇಳಿಯುವ ಘಟ್ಟದ ಹಲವು ತಿರುವುಗಳ ಮೊದಲ ಅಗೆತ ಆ ಕಾಲದ್ದು. ಆದರೆ ಬೆಂಗಳೂರಿನಲ್ಲಿ ರೈಲು ಓಡುವುದನ್ನು ಆತ ಕಾಣಲಿಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ, ಆತ ಸತ್ತು ಮೂರು ವರ್ಷಗಳಾದ ಮೇಲೆ. ಎತ್ತಿನ ಗಾಡಿಯ ರಸ್ತೆಗಳನ್ನು ಮಾಡಿಸಿದವನ ಹೆಸರು ನೆಲದಡಿಯ ರೈಲಿನ ನಿಲ್ದಾಣಕ್ಕೆ ಬಂದಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಲೆಕ್ಕವಾಗುತ್ತದೆ. ಖರ್ಚಿನ ಪುಟವನ್ನೂ ತೆರೆಯಬೇಕು. ಮೈಸೂರಿನ ಬೊಕ್ಕಸದಿಂದ ಪ್ರತಿವರ್ಷ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಂಪನಿಗೆ ಸಲ್ಲುತ್ತಿತ್ತು. ರಸ್ತೆಯಾಗಲಿ, ಸೇತುವೆಯಾಗಲಿ, ಶಾಲೆಯಾಗಲಿ ಅದಾದ ಮೇಲೆ ಉಳಿದುದರಲ್ಲಿ ಆಗಬೇಕಿತ್ತು. ಶಿಕ್ಷಣಕ್ಕಂತೂ ಬಹುಕಾಲ ಸಿಕ್ಕಿದ್ದು ಅತ್ಯಲ್ಪ. ಆತನ ಆಳ್ವಿಕೆಯ ಕೊನೆಗಾಲದಲ್ಲಿ, 1857ರ ಸುಮಾರಿಗೆ, ಪ್ರತ್ಯೇಕ ಶಿಕ್ಷಣ ಇಲಾಖೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಆರಂಭವಾಯಿತು. ಅದೇ ಮುಂದೆ ಸೆಂಟ್ರಲ್ ಕಾಲೇಜಾಗಿ, ವಿಶ್ವೇಶ್ವರಯ್ಯನವರು ಓದಿದ ಕಾಲೇಜಾಗಿ, ಸುರಂಗದ ಮೂರನೆಯ ನಿಲ್ದಾಣಕ್ಕೆ ಹೆಸರು ಕೊಟ್ಟಿತು.

ಇನ್ನೊಂದು ಪುಟ ಕೊಡಗಿನದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಆ ಸೀಮೆಯೂ ಮೈಸೂರಿನ ಕಮಿಷನರನ ಮೇಲ್ವಿಚಾರಣೆಗೆ ಬಂತು. ಸುಳ್ಯ, ಪುತ್ತೂರು ಕಡೆಯ ರೈತರು 1837ರಲ್ಲಿ ಬಂಡೆದ್ದು ಮಂಗಳೂರಿನವರೆಗೆ ನಡೆದುಬಂದದ್ದು ಕನ್ನಡ ನಾಡಿನ ಸ್ವಾತಂತ್ರ್ಯ ಹೋರಾಟಗಳ ಸಾಲಿನಲ್ಲಿ ಸೇರಿರುವ ಘಟನೆ. ಅದನ್ನು ನಿರ್ದಯವಾಗಿ ಹತ್ತಿಕ್ಕಲಾಯಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಆ ಆಡಳಿತದ ತುದಿಯಲ್ಲಿ ಕುಳಿತಿದ್ದವನು ಕಬ್ಬನ್. ತೆರಿಗೆ ರದ್ದು ಮಾಡಿದ ಕಂಪನಿಯ ಅಧಿಕಾರವೇ ನೇಣನ್ನೂ ಬಿಗಿದದ್ದು. ಹಾಗೆ ನೋಡಿದರೆ ಸುರಂಗದ ಎರಡು ತುದಿಗಳು ನಾವೆಣಿಸಿದಷ್ಟು ದೂರವಿಲ್ಲ.

ಮೂರನೆಯ ಪುಟದಲ್ಲಿರುವುದು ಮುಮ್ಮಡಿಯವರ ನಿಟ್ಟುಸಿರು. ತಮ್ಮ ರಾಜ್ಯವನ್ನು ಮರಳಿಸಬೇಕೆಂದು ಅವರು ದಶಕಗಳ ಕಾಲ ಕಲ್ಕತ್ತೆಗೆ, ಲಂಡನ್ನಿಗೆ ಮನವಿಯ ಮೇಲೆ ಮನವಿ ಬರೆದರು. ಆಡಳಿತ ಸುಧಾರಿಸಿದ ಮೇಲೆ ಅಧಿಕಾರ ಹಿಂದಿರುಗಬೇಕಾದದ್ದು ನ್ಯಾಯ. ಆದರೆ ಆಡಳಿತ ಸುಧಾರಿಸಿದಷ್ಟೂ ಅದನ್ನು ಬಿಟ್ಟುಕೊಡಲು ಬ್ರಿಟಿಷರಿಗೆ ಮನಸ್ಸಾಗಲಿಲ್ಲ. ಕಬ್ಬನ್ ಈ ವಿಷಯದಲ್ಲಿ ರಾಜರ ಪರ ನಿಲ್ಲಲಿಲ್ಲ. ತಾನು ಕಟ್ಟಿದ ವ್ಯವಸ್ಥೆ ರಾಜರ ಕೈಗೆ ಹೋದರೆ ಕುಸಿಯುತ್ತದೆಂದು ಆತನ ಭಾವನೆ. ಚೆನ್ನಾಗಿ ಆಳಿದ್ದೇ ಇನ್ನೊಬ್ಬರ ಹಕ್ಕನ್ನು ತಡೆಹಿಡಿಯಲು ನೆಪವಾಯಿತು. ವಸಾಹತು ಆಡಳಿತದ ಒಳ್ಳೆಯತನದಲ್ಲಿ ಸದಾ ಇರುವ ತೊಡಕು ಇದು.

1850ರ ದಶಕ ದೇಶೀಯ ಸಂಸ್ಥಾನಗಳಿಗೆ ಕೆಟ್ಟಕಾಲ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂದು ಡಾಲ್‌ಹೌಸಿ ಝಾನ್ಸಿ, ನಾಗಪುರಗಳನ್ನು ನುಂಗಿದ. ಮುಮ್ಮಡಿಯವರಿಗೂ ಔರಸ ಪುತ್ರನಿರಲಿಲ್ಲ. ಮೈಸೂರಿನ ಮೇಲೂ ಆ ಕಣ್ಣು ಬಿದ್ದಿತ್ತು. 1857ರಲ್ಲಿ ಉತ್ತರ ಭಾರತ ಹೊತ್ತಿ ಉರಿದಾಗ ಮೈಸೂರು ಸೀಮೆ ಬಹುಮಟ್ಟಿಗೆ ಶಾಂತವಾಗಿ ಉಳಿಯಿತು. ಮೈಸೂರು ಶಾಂತವಾಗಿದ್ದಕ್ಕೆ ಕಬ್ಬನ್ನನ ಹತೋಟಿಯಷ್ಟೇ ರಾಜರ ಸಹಕಾರವೂ ಕಾರಣ ಎಂಬುದನ್ನು ಮರೆಯಬಾರದು.

ಆತನ ಬದುಕಿನ ನಿರ್ಣಾಯಕ ಘಟನೆ ನಡೆದದ್ದು ಕೊನೆಯಲ್ಲಿ. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಭಾರತ ಸರ್ಕಾರದಿಂದ ತೆಗೆದು ಮದರಾಸು ಸರ್ಕಾರದ ಅಧೀನಕ್ಕೆ ಕೊಡುವ ತೀರ್ಮಾನ ಹೊರಬಿತ್ತು. ಕಾಗದದ ಮೇಲೆ ಅದು ಆಡಳಿತದ ಅನುಕೂಲಕ್ಕಾಗಿ ಮಾಡಿದ ಒಂದು ಬದಲಾವಣೆ ಮಾತ್ರ. ನಿಜದಲ್ಲಿ ಅದು ಮೈಸೂರನ್ನು ಮದರಾಸಿನ ಇನ್ನೊಂದು ಜಿಲ್ಲೆಯನ್ನಾಗಿಸುವ ಮೊದಲ ಹೆಜ್ಜೆ. ಮುಮ್ಮಡಿಯವರು ಪ್ರತಿಭಟಿಸಿದರು. ಅವರ ಜೊತೆಗೆ, ಅವರಿಗೆ ಎಂದೂ ಆಪ್ತನಲ್ಲದ ವೃದ್ಧ ಕಮಿಷನರನೂ ಒಪ್ಪದೆ ರಾಜೀನಾಮೆಗೆ ಸಿದ್ಧನಾದ. ಮೂವತ್ತು ವರ್ಷ ಎದುರುಬದುರಾಗಿ ಕುಳಿತಿದ್ದ ಅರಮನೆ ಮತ್ತು ಕಚೇರಿ ಒಂದೇ ಮಾತನ್ನಾಡಿದ್ದು ಆಗ. ಆಜ್ಞೆ ಹಿಂದಕ್ಕೆ ಹೋಯಿತು.

ಕಬ್ಬನ್ ಹೀಗೆ ಮಾಡಿದ್ದು ಕನ್ನಡದ ಮೇಲಣ ಪ್ರೀತಿಯಿಂದ ಎಂದು ಹೇಳಿದರೆ ಅದು ನಮ್ಮ ಆಸೆಯ ಮಾತಾದೀತು. ತನ್ನ ಸ್ಥಾನದ ಗೌರವ, ಮದರಾಸಿನ ಕೈಕೆಳಗೆ ಕುಳಿತುಕೊಳ್ಳಲೊಲ್ಲದ ಹಟ, ಇಪ್ಪತ್ತೇಳು ವರ್ಷದ ದುಡಿಮೆಯ ಮೇಲಣ ಮಮತೆ ಎಲ್ಲವೂ ಅದರಲ್ಲಿ ಸೇರಿದ್ದವು. ಕಾರಣ ಏನೇ ಇರಲಿ, ಫಲ ದೊಡ್ಡದು. ಮೈಸೂರು ಪ್ರತ್ಯೇಕವಾಗಿ ಉಳಿಯಿತು. 1865ರಲ್ಲಿ ಮುಮ್ಮಡಿಯವರು ಮಗುವನ್ನು ದತ್ತು ತೆಗೆದುಕೊಂಡರು. ಎರಡು ವರ್ಷಗಳ ಬಳಿಕ ಬ್ರಿಟಿಷರು ಅದಕ್ಕೆ ಒಪ್ಪಿದರು. 1868ರಲ್ಲಿ ರಾಜರು ಕಣ್ಮುಚ್ಚಿದರು. ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಹಿಂದಿರುಗಿತು. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್‌ರಂಥ ದಿವಾನರ ಮೈಸೂರು, ಮುಂದೆ ಏಕೀಕೃತ ಕರ್ನಾಟಕಕ್ಕೆ ತಿರುಳಾದ ಮೈಸೂರು, ಮದರಾಸಿನಲ್ಲಿ ಕರಗಿಹೋಗಿದ್ದರೆ ಹೇಗಿರುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು. ಬೆಂಗಳೂರು ಜಿಲ್ಲಾ ಕೇಂದ್ರವಾಗಿ ಉಳಿದುಬಿಡುವ ಸಾಧ್ಯತೆ ಆ ವರ್ಷ ಬಹಳ ಹತ್ತಿರ ಬಂದು ಹೋಯಿತು.

ಆ ಜಗಳ ಮುಗಿಯುವ ವೇಳೆಗೆ ಕಬ್ಬನ್ನನ ದೇಹ ಸೋತಿತ್ತು. 1861ರ ಫೆಬ್ರುವರಿಯಲ್ಲಿ ಕೆಲಸ ಬಿಟ್ಟು ಊರಿನ ಕಡೆ ಹೊರಟ. ಹಡಗು ಕೆಂಪು ಸಮುದ್ರ ದಾಟಿತು. ಸೂಯೆಜ್ ಕಾಲುವೆ ಆಗಿನ್ನೂ ಆಗಿರಲಿಲ್ಲ. ಏಪ್ರಿಲ್ 23ರಂದು ಸೂಯೆಜ್‌ನಲ್ಲಿ ಆತನ ಪ್ರಾಣ ಹೋಯಿತು. ಶವವನ್ನು ಐಲ್ ಆಫ್ ಮ್ಯಾನ್‌ಗೆ ಒಯ್ದು ತಂದೆ ಪಾದ್ರಿಯಾಗಿದ್ದ ಮಾಗೋಲ್ಡ್‌ನಲ್ಲಿ ಮಣ್ಣು ಮಾಡಿದರು. ಅರವತ್ತು ವರ್ಷಗಳ ಬಳಿಕ ಊರು ಸೇರಿದ್ದು ದೇಹ ಮಾತ್ರ.

ಬೆಂಗಳೂರಿನಲ್ಲಿ ಆತನ ಎರಡನೆಯ ಬಾಳು ಆರಂಭವಾದದ್ದು ಆಮೇಲೆ. ಬ್ಯಾರನ್ ಮರೋಕೆಟ್ಟಿ ಎಂಬ ಶಿಲ್ಪಿ ಮಾಡಿದ, ಕುದುರೆಯ ಮೇಲೆ ಕುಳಿತ ಪ್ರತಿಮೆ 1866ರಲ್ಲಿ ದಂಡಿನ ಕವಾಯತು ಮೈದಾನಕ್ಕೆ ಬಂತು. ರಿಚರ್ಡ್ ಸ್ಯಾಂಕಿಯ ಕೈಯಲ್ಲಿ 1868ರ ಹೊತ್ತಿಗೆ ಅಠಾರ ಕಚೇರಿ ಸಿದ್ಧವಾಗಿ, ಟಿಪ್ಪುವಿನ ಅರಮನೆಯಲ್ಲಿದ್ದ ಇಲಾಖೆಗಳು ಅಲ್ಲಿಗೆ ಬಂದವು. ಅದೇ ಸ್ಯಾಂಕಿ 1870ರಲ್ಲಿ ಅದರ ಹಿಂದಿನ ಬಯಲಿನಲ್ಲಿ ಉದ್ಯಾನವನ್ನು ರೂಪಿಸಿದ. ಅದಕ್ಕೆ ಮೊದಲು ಇಟ್ಟದ್ದು ಕಬ್ಬನ್ನನ ಹೆಸರೂ ಅಲ್ಲ. ಆಗಿನ ಹಂಗಾಮಿ ಕಮಿಷನರ್ ಮೀಡ್ ಎಂಬಾತನದು. ಜನರ ಬಾಯಲ್ಲಿ ಉಳಿದದ್ದು ಕಬ್ಬನ್. ಮುಂದೆ ಅದೇ ಉದ್ಯಾನಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ನಾಮಕರಣವಾದರೂ ಜನ ಹಳೆಯ ಹೆಸರನ್ನು ಬಿಡಲಿಲ್ಲ. ದಂಡಿನಲ್ಲಿ ಕಬ್ಬನ್ ರಸ್ತೆ ಇದ್ದಂತೆ ಪೇಟೆಯಲ್ಲಿ ಮಗ್ಗಗಳ ಸದ್ದಿಗೆ ಹೆಸರಾಗಿದ್ದ ಕಬ್ಬನ್‌ಪೇಟೆ ಇದೆ. ಎರಡು ಊರುಗಳೂ ಒಪ್ಪಿಕೊಂಡ ಹೆಸರು ಅದು. ಸೇಂಟ್ ಮಾರ್ಕ್ಸ್ 'ಚರ್ಚು' ಮಾತ್ರ, ಹಲವರು ತಿಳಿದಂತೆ, ಈ ಮಾರ್ಕ್‌ನದಲ್ಲ. ಆತ ಕಮಿಷನರ್ ಆಗುವ ಮೊದಲೇ ಕಟ್ಟಿದ್ದು.

ಕುದುರೆಯ ಮೇಲಿನ ಪ್ರತಿಮೆ ಬಹುಕಾಲ ಅಠಾರ ಕಚೇರಿಯ ಆವರಣದಲ್ಲಿತ್ತು. 2020ರ ಜೂನ್‌ನಲ್ಲಿ ಅದನ್ನು ಅಲ್ಲಿಂದ ತೆಗೆದು ಉದ್ಯಾನದೊಳಗೆ, ಬ್ಯಾಂಡ್ ಸ್ಟ್ಯಾಂಡ್ ಸಮೀಪ ನಿಲ್ಲಿಸಲಾಯಿತು. ಬದುಕಿದ್ದಾಗ ಕಾಣದ ಉದ್ಯಾನವನ್ನು ಆತ ಸೇರಿದ್ದು ಸತ್ತು ನೂರೈವತ್ತೊಂಬತ್ತು ವರ್ಷಗಳಾದ ಮೇಲೆ. ಆಳಿದ ಪರಕೀಯರ ಹೆಸರುಗಳು, ಪ್ರತಿಮೆಗಳು ನಮಗೇಕೆ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಸ್ವತಂತ್ರ ದೇಶವೊಂದು ತನ್ನ ಬೀದಿಗಳಿಗೆ ತನ್ನವರ ಹೆಸರು ಇಡಬಯಸುವುದು ಸಹಜ. ಆದರೆ ಉತ್ತರವನ್ನು ಹೆಸರಿನ ಫಲಕದಲ್ಲಿ ಹುಡುಕಿದರೆ ಸಾಲದು.

ಕಬ್ಬನ್ನನನ್ನು ಉದ್ಯಾನಪ್ರಿಯ ದೊರೆಯನ್ನಾಗಿ ಮಾಡಿ ಮೆಚ್ಚಿಕೊಳ್ಳುವುದು ಎಷ್ಟು ತಪ್ಪೋ, ಪರಕೀಯ ಎಂಬ ಒಂದೇ ಮಾತಿನಲ್ಲಿ ಅಳಿಸಿಬಿಡುವುದೂ ಅಷ್ಟೇ ತಪ್ಪು. ಮೊದಲನೆಯದರಲ್ಲಿ ಮಡಿಕೇರಿಯ ನೇಣು, ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿ, ಮುಮ್ಮಡಿಯವರ ಮನವಿಗಳು ಮರೆಯಾಗುತ್ತವೆ. ಎರಡನೆಯದರಲ್ಲಿ ಘಟ್ಟದ ದಾರಿಗಳು, ರದ್ದಾದ ಸುಂಕಗಳು, 1860ರ ಆ ನಿರಾಕರಣೆ ಮರೆಯಾಗುತ್ತವೆ. ಜಮಾ ಖರ್ಚು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು ಆತನೇ ಜೀವನವಿಡೀ ಮಾಡಿದ ಕೆಲಸ. ಆತನ ಬಗ್ಗೆ ನಾವು ಮಾಡಬೇಕಾದ ನ್ಯಾಯವೂ ಅದೇ.

ನಿಲ್ದಾಣವೊಂದು ಇದಕ್ಕೆ ತಕ್ಕ ಜಾಗ. ಮ್ಯೂಸಿಯಮ್ಮಿಗೆ ಹೋಗದವರು, ಇತಿಹಾಸದ ಪುಸ್ತಕ ತೆರೆಯದವರು ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲುತ್ತಾರೆ. ಐದು ನಿಲ್ದಾಣಗಳ ಐದು ಹೆಸರುಗಳನ್ನು ಒಂದೇ ಕಥೆಯಾಗಿ ಅವರ ಮುಂದಿಡಬಹುದು: ಊರು ಕಟ್ಟಿದ ಪಾಳೆಯಗಾರ, ಕಂಪನಿಯ ವಿರುದ್ಧ ಕಾದಿ ಗಲ್ಲಿಗೇರಿದ ಸೈನಿಕ, ಕಂಪನಿಯ ಪರವಾಗಿ ರಾಜ್ಯ ಆಳಿದ ಅಧಿಕಾರಿ, ಹಿಂದಿರುಗಿದ ರಾಜ್ಯವನ್ನು ಮೇಲೆತ್ತಿದ ಎಂಜಿನಿಯರ್, ರಾಜರಿಲ್ಲದ ಗಣರಾಜ್ಯಕ್ಕೆ ಸಂವಿಧಾನ ರೂಪಿಸಿದ ಮಹಾನುಭಾವ. ಹದಿನಾರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗಿನ ನಮ್ಮ ಚರಿತ್ರೆ ಐದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಅಡಕವಾಗಿದೆ. ಈ ಸಾಲಿನಿಂದ ಒಂದು ಹೆಸರನ್ನು ಕಿತ್ತರೆ ಉಳಿದ ನಾಲ್ಕರ ಅರ್ಥವೂ ಕುಂದುತ್ತದೆ. ಕಬ್ಬನ್ ಪಾರ್ಕಿನಲ್ಲಿ ಹತ್ತಿದ ಪ್ರಯಾಣಿಕ ರಾಯಣ್ಣನ ನಿಲ್ದಾಣದಲ್ಲಿ ಇಳಿಯುವಾಗ ಈ ಎರಡು ಹೆಸರುಗಳ ನಡುವಿನ ಹಾದಿಯನ್ನು ಒಮ್ಮೆ ನೆನೆದರೆ ಅಷ್ಟು ಸಾಕು.